ಹಲಗೆಯ ಮೇಲೆ ಎರಡು ಸ್ಪೆಷಲ್

ಫೋನು ಬಂದಾಗ ಶಾಂತಪ್ಪ ಮಾಸ್ತರು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮಲಾಡಿನ ಎರಡು ಕೋಣೆಯ ಆ ಮನೆಯಲ್ಲಿ, ಹೆಂಡತಿ ಶಿವಕುಮಾರಿ ತೀರಿಕೊಂಡ ಮೇಲೆ, ಸಂಜೆಯ ಪೂಜೆಯ ಹೊತ್ತಿಗೆ ಯಾರೂ ಫೋನು ಮಾಡುತ್ತಿರಲಿಲ್ಲ. ಮಾಡುವವರಿಗೆಲ್ಲ ಆ ಹೊತ್ತು ಗೊತ್ತಿತ್ತು.

“ಮಾಸ್ಟ್ರೇ, ನಾನು ಸಂದೀಪ. ಕೊರಗಪ್ಪಣ್ಣ ಇಲ್ಲ. ಊಟದ ಹೊತ್ತು ಮುಗಿಸಿ ಹಿಂದಿನ ಸ್ಟೋರ್‌ರೂಮಿಗೆ ಹೋದವರು ಅಲ್ಲೇ ಬಿದ್ದರು. ಆಸ್ಪತ್ರೆಗೆ ತಲುಪುವಾಗಲೇ ಮುಗಿದಿತ್ತು.”

ಬೆರಳಿನ ವಿಭೂತಿ ಬೆರಳಿನಲ್ಲೇ ಉಳಿಯಿತು.

ಅಂದು ಮಂಗಳವಾರ. ಇಪ್ಪತ್ತು ವರ್ಷದಿಂದ ಪ್ರತಿ ಮಂಗಳವಾರ ಮೂರು ಗಂಟೆಗೆ ಮಾಸ್ತರು ಗ್ರಾಂಟ್ ರೋಡಿನ ಅಂಬಿಕಾ ಭವನಕ್ಕೆ ಹೋಗುವರು. ಮುಖ್ಯ ಅಡುಗೆಯವನಾದ ಕೊರಗಪ್ಪ ಒಲೆಯ ಕೆಲಸ ಕೈಯಾಳುಗಳಿಗೆ ಒಪ್ಪಿಸಿ, ಕೈ ಒರೆಸಿಕೊಂಡು ಬಂದು, ಗೋಡೆಯ ಬದಿಯ ಮೇಜಿನಲ್ಲಿ ಅವರ ಎದುರು ಕೂರುವನು. ಆ ಒಂದು ತಾಸು ಬೇರೆ ಯಾರಿಗೂ ಇಲ್ಲ. ಆದರೆ ಅಂದು ಮಾಸ್ತರು ಹೋಗಿರಲಿಲ್ಲ. ಬರುವುದಿಲ್ಲವೆಂದು ತಿಳಿಸಿಯೂ ಇರಲಿಲ್ಲ.

ಏಕೆ ಹೋಗಲಿಲ್ಲ ಎಂಬುದನ್ನು ಮಾಸ್ತರು ದೇವರ ಮುಂದೆ ಮಾತ್ರ ಒಪ್ಪಿಕೊಂಡಿದ್ದರು. ಹಿಂದಿನ ಮಂಗಳವಾರ ಕೊರಗಪ್ಪ ಇಡೀ ತಾಸು ಮಗಳ ಮಾತೇ ಆಡಿದ್ದ. ಮಗಳ ಆಫೀಸು, ಮಗಳ ಹೊಸ ಚಪ್ಪಲಿ, ಮಗಳ ಜ್ವರ. ಮಾಸ್ತರ ಮಂಡಿನೋವಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಒಂದು ವಾರ ಕಾಯಲಿ, ಆಗ ತಿಳಿಯುತ್ತದೆ ಎಂದು ಎಪ್ಪತ್ತೆಂಟು ವರ್ಷದ ಆ ಮುದುಕರು ಮುನಿಸಿಕೊಂಡು ಮನೆಯಲ್ಲಿ ಕುಳಿತಿದ್ದರು.

ಅವನು ಕಾದಿದ್ದ. ಕಾದು ಸತ್ತಿದ್ದ.

ಇದು ಹನ್ನೊಂದು ದಿನದ ಹಿಂದಿನ ಮಾತು. ಇಂದು ಶನಿವಾರ. ನಾಳೆ ಬೊಜ್ಜ, ಕೊರಗಪ್ಪನ ಹದಿಮೂರನೆಯ ದಿನದ ಕ್ರಿಯೆ. ನಾಡಿದ್ದು ಸೋಮವಾರ ಪೊಲೀಸರು ಫೈಲು ಮುಚ್ಚುತ್ತಾರೆ.

ಶವಪರೀಕ್ಷೆಯಲ್ಲಿ ಹೊಟ್ಟೆಯೊಳಗೆ ಕಾಶಿ ಹಲ್ವವೂ ಅದರ ಜೊತೆ ಇಲಿಪಾಷಾಣವೂ ಸಿಕ್ಕಿದ್ದವು. ಸ್ಟೋರಿನಲ್ಲಿ ಹೋಟೆಲಿನ ಇಲಿಗಳಿಗೆಂದು ತಂದಿಟ್ಟ ಇಲಿಪಾಷಾಣದ ಹರಿದ ಪೊಟ್ಟಣವಿತ್ತು. ಬಾಗಿಲಿನ ಕಪ್ಪು ಹಲಗೆಯ ಮೇಲೆ ಅಂದಿನ ಸ್ಪೆಷಲ್ ಎಂದು ಕಾಶಿ ಹಲ್ವದ ಹೆಸರಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು. ಅಡುಗೆಯವನೇ ಅಜಾಗ್ರತೆಯಿಂದ ಪಾಷಾಣ ಬೆರೆಸಿದ, ತಾನೇ ರುಚಿ ನೋಡಿದ, ಸತ್ತ. ಗಿರಾಕಿಗಳ ಪುಣ್ಯ, ಬಡಿಸುವ ಮೊದಲೇ ಸತ್ತ.

ಸುದ್ದಿ ತಿಳಿದ ಕೊರಗಪ್ಪನ ಹೆಂಡತಿ ಪ್ರಫುಲ್ಲಾ ದಹಿಸರಿನಿಂದ ಮಲಾಡಿಗೆ ಓಡಿಬಂದಿದ್ದಳು.

“ಮೂವತ್ತೆರಡು ವರ್ಷ ಜನರಿಗೆ ಉಣಿಸಿದ ಕೈ ಅದು ಮಾಸ್ಟ್ರೇ. ಆ ಕೈಯಿಂದ ವಿಷ ಬಿತ್ತು ಅಂತ ಸರ್ಕಾರದ ಕಾಗದದಲ್ಲಿ ಬರೀತಾರಂತೆ. ಅವರು ಹೋದದ್ದನ್ನು ಹೇಗೋ ತಡೆದುಕೊಳ್ತೇನೆ, ಇದನ್ನು ತಡೆಯಲಿಕ್ಕೆ ನನ್ನಿಂದ ಆಗುವುದಿಲ್ಲ. ನೀವು ಓದಿದವರು, ನೀವೇ ಹುಡುಕಬೇಕು.”

ಅದಕ್ಕೇ ಮಾಸ್ತರು ಈಗ ಮುಚ್ಚಿದ ಅಂಬಿಕಾ ಭವನದ ಒಳಗೆ, ಆ ಹಲಗೆಯ ಮುಂದೆ ನಿಂತಿದ್ದರು.

ಮಾಲೀಕ ಪ್ರಶಾಂತ ಹಿಂಬಾಗಿಲು ತೆರೆದು, “ಸರ್, ದಸ್ ಮಿನಿಟ್ ಹಾ, ಪೊಲೀಸ್‌ನವರು ಪುನಃ ಬಂದರೆ ನನಗೆ ಪ್ರಾಬ್ಲೆಮ್,” ಎಂದು ಹೇಳಿ ರಸ್ತೆಗೆ ಹೋಗಿದ್ದ. ಗಲ್ಲಾದ ಮೇಲೆ ಅವನು ಹೊಸದಾಗಿ ಅಚ್ಚು ಹಾಕಿಸಿದ ಮೆನು ಕಾರ್ಡುಗಳ ರಾಶಿಯಿತ್ತು. ಸ್ಪೆಷಲ್ ಇಡ್ಲಿ, ಸ್ಪೆಷಲ್ ವಡೆ, ಸ್ಪೆಷಲ್ ಚಹಾ. ಮಾಸ್ತರು ಎಣಿಸಿದರು. ನಲವತ್ತೆರಡು ಸ್ಪೆಷಲ್.

ಅಡುಗೆಮನೆಯ ಕಟ್ಟೆಗೆ ಒರಗಿ ಸಂದೀಪ ನಿಂತಿದ್ದ. ಕೊರಗಪ್ಪನ ನಂತರದ ಅಡುಗೆಯವನು. ಐವತ್ತು ದಾಟಿದ್ದರೂ ಎಲ್ಲರಿಗೂ ಇನ್ನೂ ಎರಡನೆಯವನೇ.

“ಸಂದೀಪಾ, ಈ ಹಲಗಿ ಓದಪಾ.”

“ಓದುವುದೆಂತ ಮಾಸ್ಟ್ರೇ? ಇಂದಿನ ಸ್ಪೆಷಲ್. ಪತ್ರೊಡೆ. ಕಾಶಿ ಹಲ್ವ. ನನಗೆ ಇಂಗ್ಲಿಷ್ ಓದಲಿಕ್ಕೆ ಕಲಿಸಿದ್ದು ನೀವೇ ಅಲ್ಲವಾ, ಪರೀಕ್ಷೆ ಮಾಡ್ತೀರಾ ಈಗ?”

“ಎರಡನೇ ಸಾಲು ಯಾರು ಬರದ್ರು?”

“ಕೊರಗಪ್ಪಣ್ಣ. ಮತ್ತೆ ಯಾರು, ನನ್ನ ಅಜ್ಜನಾ?”

ಎರಡೂ ಸಾಲುಗಳ ಇಂಗ್ಲಿಷ್ ಅಕ್ಷರ ಒಂದೇ ಅಚ್ಚಿನಲ್ಲಿ ತೆಗೆದಂತಿತ್ತು. ಪೊಲೀಸರಿಗೆ ಅನುಮಾನ ಬಾರದೆ ಇದ್ದುದರಲ್ಲಿ ಆಶ್ಚರ್ಯವಿರಲಿಲ್ಲ. ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕೊರಗಪ್ಪನನ್ನೂ ಸಂದೀಪನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಇಂಗ್ಲಿಷ್ ಅಕ್ಷರ ತಿದ್ದಿಸಿದ್ದು ಇದೇ ಮಾಸ್ತರು. ಬರೆದವನಾರು ಎಂದು ಅಕ್ಷರ ನೋಡಿ ಹೇಳಲು ಅವರಿಗೂ ಸಾಧ್ಯವಿರಲಿಲ್ಲ.

ಆದರೆ ಅವರಿಗೆ ಬೇರೊಂದು ಗೊತ್ತಿತ್ತು.

“ಆ ಪಾಠ ನಿನಗ ನೆನಪದ ಏನು?” ಎಂದು ಮಾಸ್ತರು ಕೇಳಿದರು. “ಕೊರಗಪ್ಪ ಎದ್ದು ನಿಂತು ಕೇಳಿದ್ದ. ನಮ್ಮ ಹೋಟೆಲಿನ್ಯಾಗ ಸಾದಾ ಚಹಾ ಅದ, ಸ್ಪೆಷಲ್ ಚಹಾ ಅದ, ಹಾಲು ಒಂದೇ, ಪುಡಿ ಒಂದೇ. ಹಂಗಾದ್ರ ಸ್ಪೆಷಲ್ ಅಂದ್ರ ಏನ್ರೀ ಅಂತ.”

ಸಂದೀಪ ನೆಲ ನೋಡಿದ.

“ನೆನಪುಂಟು. ಹತ್ತರಲ್ಲಿ ಒಂದನ್ನು ತೆಗೆದು ಬೇರೆ ಇಟ್ಟರೆ ಆ ಒಂದಕ್ಕೆ ಮಾತ್ರ ಈ ಶಬ್ದ ಸಲ್ಲುತ್ತದೆ ಅಂದ್ರಿ. ಇನ್ನೊಂದಕ್ಕೆ ಹಚ್ಚಿದರೆ ಮೊದಲಿನದರಿಂದ ಕಿತ್ತುಕೊಂಡ ಹಾಗೆ. ಜಿಪುಣನ ಹಾಗೆ ಬಳಸಬೇಕು ಅಂದ್ರಿ.”

“ಅವನು ಅದನ್ನ ವ್ರತದಂಗ ಹಿಡದ. ಹಲಗಿ ಮ್ಯಾಲ ದಿನಕ್ಕೊಂದೇ ಸ್ಪೆಷಲ್. ಮಾಲೀಕ ನಲವತ್ತೆರಡು ಅಚ್ಚು ಹಾಕಿಸಿದ್ರ, ಆ ಕಾರ್ಡು ಮೇಜಿನ ಮ್ಯಾಲ ಇಡಾಕ ಬಿಡಲಿಲ್ಲ. ಅಂಥಾವ ಪತ್ರೊಡೆ ಬರದು, ಅದರ ಕೆಳಗ ಹಲ್ವ ಬರೀತಾನೇನು? ಅವನ ಕೈ ಬರದದ್ದಲ್ಲ ಇದು.”

“ಮಾಸ್ಟ್ರೇ…”

“ಮತ್ತ, ಆ ದಿನ ಅಡುಗಿಮನಿಗೆ ಬೂದುಗುಂಬಳ ಬಂದಿತ್ತೇನು? ನಾನು ಕಾಯಿಪಲ್ಯೆದವನ್ನ ಕೇಳಿ ಬಂದೀನಿ. ಒಂದು ಕಾಯೂ ಬಂದಿಲ್ಲ. ಕುಂಬಳಕಾಯಿ ಇಲ್ಲದ ಕಾಶಿ ಹಲ್ವ ಯಾವ ಊರಾಗ ಮಾಡ್ತಾರಪಾ?”

ಸಂದೀಪನ ಕೈ ಕಟ್ಟೆಯ ಅಂಚನ್ನು ಹಿಡಿಯಿತು. ಅವನ ಮಾತು ಬೇರೆ ಕಡೆಯಿಂದ ಬಂತು.

“ಕೊರಗಪ್ಪಣ್ಣನ ನೋಟುಬುಕ್ಕಿನ ಮೇಲೆ ನೀವು ಕೆಂಪು ಶಾಯಿಯಲ್ಲಿ ಸ್ಪೆಷಲ್ ಅಂತ ಬರೆದಿದ್ರಿ. ನನ್ನದರ ಮೇಲೆ ಗುಡ್ ಅಂತ. ನೆನಪುಂಟಾ ನಿಮಗೆ?”

ಮಾಸ್ತರಿಗೆ ನೆನಪಿರಲಿಲ್ಲ.

“ನನಗುಂಟು. ಅವರಿಗಿಂತ ಎರಡು ಮಾರ್ಕು ಹೆಚ್ಚು ನನಗೆ. ಆದರೂ ನನಗೆ ಗುಡ್. ಮತ್ತೆ ಇಲ್ಲಿ ಬಂದರೆ ಹದಿನೆಂಟು ವರ್ಷ, ದಿನಾ ಬೆಳಿಗ್ಗೆ ಅವರು ಚಾಕ್ ಹಿಡಿಯುವುದನ್ನು ನೋಡಿದೆ. ನನ್ನ ಪತ್ರೊಡೆ, ನನ್ನ ಗೋಳಿಬಜೆ, ಎಲ್ಲ ಹಲಗೆಗೆ ಏರಿದೆ. ಬರೆಯುವ ಕೈ ಮಾತ್ರ ಅವರದ್ದು. ಒಂದು ದಿನ ಕೊಡಿ ಅಣ್ಣ, ನಾನು ಬರೀತೇನೆ ಅಂದರೆ ನಗ್ತಿದ್ರು.”

“ಅದಕ್ಕ ಕೊಂದ್ಯಾ?”

“ಅಯ್ಯೋ ದೇವರೇ!” ಸಂದೀಪ ಬೆನ್ನು ನೆಟ್ಟಗೆ ಮಾಡಿದ. “ಬರೆದದ್ದು ನಾನು, ಹೌದು. ಆದರೆ ಅವರು ಬಿದ್ದ ಮೇಲೆ. ಆಂಬುಲೆನ್ಸ್ ಹೋದ ಮೇಲೆ. ಸುಳ್ಳು ಯಾಕೆ ಹೇಳಲಿ, ಚಾಕ್ ಕೈಗೆ ಬಂದಾಗ ಒಳಗೆ ಒಂದು ಕ್ಷಣ ಸಂತೋಷ ಆಯ್ತು. ಆ ಸಂತೋಷಕ್ಕೆ ನಾನು ಯಾವ ನರಕಕ್ಕೆ ಹೋಗ್ತೇನೋ ಗೊತ್ತಿಲ್ಲ.”

“ಬರದದ್ದು ಯಾಕ?”

“ಹಲ್ವ ಇಲ್ಲಿಯದ್ದಲ್ಲ ಮಾಸ್ಟ್ರೇ. ಅವರ ಮನೆಯ ಡಬ್ಬಿಯಲ್ಲಿ ಬಂದದ್ದು.”

ಕೊರಗಪ್ಪನಿಗೆ ಸಕ್ಕರೆ ಕಾಯಿಲೆಯಿತ್ತು. ಆರು ವರ್ಷದಿಂದ ಅವನು ಹೋಟೆಲಿನ ಊಟ ಬಿಟ್ಟು, ದಹಿಸರಿನಿಂದ ಚಪಾತಿ ಪಲ್ಯದ ಡಬ್ಬಿ ತರುತ್ತಿದ್ದ. ಊರಿಗೆಲ್ಲ ಅಡುಗೆ ಮಾಡುವವನು ಮನೆಯ ಡಬ್ಬಿ ತಿನ್ನುತ್ತಾನೆಂದು ಸಪ್ಲೈಯರುಗಳು ನಗುತ್ತಿದ್ದರು.

“ಡಬ್ಬಿಯ ಮೇಲಿನ ಗಿಣ್ಣಿ ಬಟ್ಟಲಲ್ಲಿ ಹಲ್ವ ಇತ್ತು,” ಎಂದ ಸಂದೀಪ. “ಅವರು ಮುಟ್ಟಲಿಲ್ಲ. ಮೂರು ಗಂಟೆಯಿಂದ ಬಾಗಿಲು ನೋಡ್ತಾ ಕೂತರು. ಮೂರೂವರೆ ಆಯ್ತು. ‘ಮಾಸ್ಟ್ರು ಬರಲಿಲ್ಲ ಮಾರಾಯ, ಸಂಜೆ ಮಲಾಡಿಗೆ ನಾನೇ ಕೊಂಡುಹೋಗಿ ಕೊಡ್ತೇನೆ’ ಅಂದರು. ಮತ್ತೆ ಗಿಣ್ಣಿ ತೆರೆದರು. ನಿಮಗೆ ಗೊತ್ತುಂಟಲ್ಲ ಅವರ ಪದ್ಧತಿ.”

ಮಾಸ್ತರಿಗೆ ಗೊತ್ತಿತ್ತು. ಸ್ಪೆಷಲ್ ಏನೇ ಇರಲಿ, ಯಾರ ಪಾಲಿನದೇ ಇರಲಿ, ಕೊರಗಪ್ಪ ಅದನ್ನು ದೇವರ ಪಟದ ಮುಂದೆ ಒಂದು ಗಳಿಗೆ ಇಟ್ಟು, ನಿಂತುಕೊಂಡೇ ಮೊದಲ ತುತ್ತು ತಾನು ತಿನ್ನುತ್ತಿದ್ದ. ತಾನು ತಿಂದು ನೋಡದ್ದನ್ನು ಇನ್ನೊಬ್ಬರ ಬಾಯಿಗೆ ಕೊಡಬಾರದು ಎಂಬುದು ಅವನ ನೇಮ. ಸಕ್ಕರೆ ಕಾಯಿಲೆ ಬಂದ ಮೇಲೂ ಆ ನೇಮ ಬಿಟ್ಟಿರಲಿಲ್ಲ.

“ಮೊದಲ ತುತ್ತಿಗೆ ಮುಖ ಅರಳಿತು. ‘ಮನೆಯದ್ದು ಸಂದೀಪ, ಮನೆಯದ್ದು’ ಅಂತ ಹೇಳಿ ಇನ್ನೂ ಎರಡು ತುತ್ತು ತಿಂದರು. ಸಿಹಿ ಬೇಡ ಅಣ್ಣ ಅಂದೆ. ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಸ್ಟೋರಿಗೆ ಹೋದರು.” ಸಂದೀಪ ಕಣ್ಣೊರೆಸಿಕೊಂಡ. “ಹಲ್ವದಲ್ಲೇ ಏನೋ ಉಂಟು ಅಂತ ನನಗೆ ಆಗಲೇ ಅನಿಸಿತು. ಪೊಲೀಸರು ಪ್ರಫುಲ್ಲಕ್ಕನ ಮನೆ ಬಾಗಿಲಿಗೆ ಹೋಗಬಾರದು ಅಂತ ಗಿಣ್ಣಿ ತೊಳೆದೆ. ಇಲ್ಲಿಯದ್ದೇ ಹಲ್ವ ಅಂತ ಕಾಣಲಿಕ್ಕೆ ಹಲಗೆಯಲ್ಲಿ ಬರೆದೆ. ಇದನ್ನು ಮಾತ್ರ ಬಿಸಾಡಲಿಕ್ಕೆ ಕೈ ಬರಲಿಲ್ಲ.”

ಅವನು ಅಂಗಿಯ ಜೇಬಿನಿಂದ ಮಡಿಸಿದ ಒಂದು ಚೀಟಿ ತೆಗೆದುಕೊಟ್ಟ. ಮೂಲೆಯಲ್ಲಿ ತುಪ್ಪದ ಕಲೆಯಿತ್ತು. ಕನ್ನಡದಲ್ಲಿ ಎರಡೇ ಶಬ್ದ:

ಮಾಸ್ಟ್ರಿಗೆ ಸ್ಪೆಷಲ್.

ಮಾಸ್ತರು ಅದನ್ನು ಮೂರು ಸಲ ಓದಿದರು. ಹೋಗಿ ಗೋಡೆಯ ಬದಿಯ ಆ ಮೇಜಿಗೇ ಕುಳಿತರು. ಅದೇ ಮೇಜು, ಅದೇ ಕುರ್ಚಿ. ವಿಷ ಕೊರಗಪ್ಪನಿಗೆ ಇಟ್ಟದ್ದಲ್ಲ. ಆ ಕುರ್ಚಿಯಲ್ಲಿ ಕೂರಬೇಕಾಗಿದ್ದವರಿಗೆ ಇಟ್ಟದ್ದು. ಮುನಿಸು ಮಾಡಿಕೊಂಡು ಮನೆಯಲ್ಲಿ ಕೂತವರ ಪಾಲಿನದನ್ನು ಅವನು ಉಂಡಿದ್ದ.

“ಇದು ಪ್ರಫುಲ್ಲಾನ ಅಕ್ಷರ ಏನು?”

“ಮತ್ತೆ ಯಾರದ್ದು? ಡಬ್ಬಿ ಅವರ ಮನೆಯದ್ದು,” ಎಂದ ಸಂದೀಪ. ಆಮೇಲೆ ಮೆಲ್ಲಗೆ ಸೇರಿಸಿದ. “ಅಕ್ಕನಿಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಇದ್ದರೆ ನಾನು ತಪ್ಪು ಹೇಳುವುದಿಲ್ಲ ಮಾಸ್ಟ್ರೇ. ನನಗೂ ಇತ್ತು.”

ದಹಿಸರಿಗೆ ಹೋಗುವ ಲೋಕಲಿನಲ್ಲಿ ಮಾಸ್ತರು ಕಿಟಕಿಯ ಬದಿಗೆ ಕುಳಿತು ತುಟಿಯಲ್ಲೇ ಪಂಚಾಕ್ಷರಿ ಜಪಿಸಿದರು. ಮಲಾಡ್ ಬಂತು, ಹೋಯಿತು. ಇಳಿದು ಮನೆಗೆ ಹೋಗಿಬಿಡಬಹುದಾಗಿತ್ತು. ಇಳಿಯಲಿಲ್ಲ.

ಪ್ರಫುಲ್ಲಾ ನಾಳೆಯ ಕ್ರಿಯೆಗೆ ಬಾಳೆಲೆ ಒರೆಸುತ್ತ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಳು. ಗೋಡೆಗೆ ಕೊರಗಪ್ಪನ ಪಟ, ಅದಕ್ಕೆ ಮಲ್ಲಿಗೆ, ಮುಂದೆ ದೀಪ. ಹೊರಗೆ ಬಿಸಿಲು ಇಳಿಯುತ್ತಿತ್ತು.

“ಬನ್ನಿ ಮಾಸ್ಟ್ರೇ, ಇಲ್ಲೇ ಕೂತುಕೊಳ್ಳಿ. ಏನಾದರೂ ಗೊತ್ತಾಯ್ತಾ?”

ಮಾಸ್ತರು ಕೂತರು. ಕಣ್ಣು ಕಪಾಟಿನತ್ತ ಹೋಯಿತು. ಸಾಲಾಗಿ ಡಬ್ಬಗಳು, ಒಂದೊಂದಕ್ಕೂ ಕಾಗದ ಅಂಟಿಸಿ ಕನ್ನಡದಲ್ಲಿ ಹೆಸರು ಬರೆದಿತ್ತು. ಅಕ್ಕಿ. ಬೆಲ್ಲ. ಉಪ್ಪು.

ಉಪ್ಪಿನ ಡಬ್ಬದ ಮೇಲೆ ಅವರ ದೃಷ್ಟಿ ನಿಂತಿತು. ಕೆಳಗಿನ ಒತ್ತಕ್ಷರದ ಬಾಲವನ್ನು ಹಿಂದಕ್ಕೆ ತಂದು ಸಣ್ಣ ಸುರುಳಿ ಸುತ್ತಿತ್ತು. ಜೇಬಿನಲ್ಲಿದ್ದ ಚೀಟಿಯ ಸ್ಪೆಷಲ್‌ನಲ್ಲಿ ಇದ್ದದ್ದು ಅದೇ ಒತ್ತು, ಅದೇ ಸುರುಳಿ.

“ಅಕ್ಷರ ಭಾಳ ಚಂದ ಅದ,” ಎಂದರು ಮಾಸ್ತರು. ದನಿ ತಮ್ಮದೆಂದು ಅನಿಸಲಿಲ್ಲ. “ನಿಂದೇನವ್ವಾ?”

“ನನಗೆಲ್ಲಿಯ ಅಕ್ಷರ? ಏಳನೇ ವಯಸ್ಸಿನಿಂದ ಬೀಡಿ ಕಟ್ಟುತ್ತಾ ಬೆಳೆದವಳು ನಾನು. ಸಹಿ ಕೂಡ ಹೆಬ್ಬೆರಳೇ.” ಪ್ರಫುಲ್ಲಾ ಮೊದಲ ಸಲ ಸ್ವಲ್ಪ ನಕ್ಕಳು. “ಅದು ನಮ್ಮ ಲಾವಣ್ಯನದು. ಮಾತಾಡಲಿಕ್ಕೆ ಬಾಯಿ ತಿರುಗುವುದಿಲ್ಲ, ಹಿಂದಿಯೇ ಬರುವುದು. ಬರೆಯುವುದು ಮಾತ್ರ ಇವರು ಕೂರಿಸಿ ಕಲಿಸಿದರು. ಡಬ್ಬಗಳ ಮೇಲೆ ಬರೆಸಿದ್ದೂ ಇವರೇ.”

“ಕೊರಗಪ್ಪನ ಊಟದ ಡಬ್ಬಿ ಯಾರು ತುಂಬತಿದ್ರು?”

“ಅವಳೇ. ನಾನು ಚಪಾತಿ ಮಾಡಿ ಇಟ್ಟು ಸ್ನಾನಕ್ಕೆ ಹೋದರೆ, ಆಫೀಸಿಗೆ ಹೊರಡುವ ಮೊದಲು ಅವಳು ತುಂಬಿಸಿ ಕೊಡುವುದು. ಒಳಗೆ ಎಂತ ಇಡ್ತಾಳೆ ಅಂತ ನಾನು ನೋಡಿದವಳಲ್ಲ.”

ಪ್ರಫುಲ್ಲಾ ಎಲೆಯ ಮೇಲೆ ಬಟ್ಟೆ ಆಡಿಸುತ್ತ, ತನ್ನಷ್ಟಕ್ಕೆ ಹೇಳುವಂತೆ ಮುಂದುವರಿಸಿದಳು.

“ಒಂದು ಮಾತು ಹೇಳ್ತೇನೆ, ಬೇಜಾರು ಮಾಡಬೇಡಿ. ಈ ಮನೆಯಲ್ಲಿ ನಿಮ್ಮ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಮಾಸ್ಟ್ರು ನನಗೆ ಸ್ಪೆಷಲ್, ಮಾಸ್ಟ್ರು ಸ್ಪೆಷಲ್. ಮೂವತ್ತು ವರ್ಷದಲ್ಲಿ ನನಗೆ ಒಮ್ಮೆ ಆ ಶಬ್ದ ಹೇಳಿದವರಲ್ಲ. ನನಗಾದರೂ ಪ್ರಾಯ ಆಯ್ತು, ಬಿಟ್ಟೆ. ಆ ಹುಡುಗಿ ಬಿಡಲಿಲ್ಲ. ಅವಳಿಗೆ ಡಿಗ್ರಿ ಕೊಡುವ ದಿನ ಮಂಗಳವಾರ ಆಗಿತ್ತು. ಇವರು ಹೋಗಲಿಲ್ಲ. ಮಾಸ್ಟ್ರು ಬರುವ ದಿನ ಅಂದರು. ಅವಳು ಆ ಕಪ್ಪು ಕೋಟು ಹಾಕಿಕೊಂಡು ಒಬ್ಬಳೇ ನಿಂತ ಫೋಟೋ ಉಂಟು ಒಳಗೆ.”

ಎರಡು ವರ್ಷದ ಹಿಂದಿನ ಆ ಮಂಗಳವಾರ ಮಾಸ್ತರಿಗೆ ಚೆನ್ನಾಗಿ ನೆನಪಿತ್ತು. ಮಗಳ ಸಮಾರಂಭ ಬಿಟ್ಟು ತಮಗಾಗಿ ಕೂತಿದ್ದಾನೆಂದು ಕೊರಗಪ್ಪ ಹೇಳಿದಾಗ, ಹೋಗೋ ಮಾರಾಯ ಎಂದು ಗದರಿಸಿ ಕಳಿಸಬೇಕಾಗಿತ್ತು. ಕಳಿಸಲಿಲ್ಲ. ಒಳಗೊಳಗೇ ಹಿಗ್ಗಿ, ಇನ್ನೊಂದು ಲೋಟ ಕಾಫಿ ತರಿಸಿಕೊಂಡಿದ್ದರು.

ಕೊರಗಪ್ಪ ತಮ್ಮೆದುರು ಕೂತು ಮಗಳ ಬಗ್ಗೆಯೇ ಮಾತಾಡುತ್ತಾನೆಂದು ಅವರು ಕುದಿದಿದ್ದರು. ಇಲ್ಲಿ ಮಗಳು, ಅಪ್ಪನ ಬಾಯಲ್ಲಿ ತಮ್ಮ ಹೆಸರೇ ಎಂದು ಕುದಿದಿದ್ದಳು.

ಒಳಗಿನ ಕೋಣೆಯ ಪರದೆ ಸರಿಯಿತು. ಲಾವಣ್ಯಾ ಒಂದು ಬಟ್ಟಲು ಹಿಡಿದುಕೊಂಡು ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಹನ್ನೊಂದು ದಿನದಲ್ಲಿ ಮುಖ ಒಣಗಿಹೋಗಿತ್ತು. ಬಟ್ಟಲಲ್ಲಿ ಕಡಲೆಬೇಳೆ ಪಾಯಸ, ಅದರಲ್ಲಿ ಚಮಚ.

“ಸರ್, ಯೇ ಆಪ್ ಕೇ ಲಿಯೇ,” ಎಂದಳು. ಮತ್ತೆ ತಡವರಿಸಿ ಕನ್ನಡಕ್ಕೆ ಬಂದಳು. “ನಾಳೆ ಪಾಪಾಗೆ… ಎಲೆಗೆ ಹಾಕುವುದು. ಪಾಪಾ ಇದ್ದರೆ ಮೊದಲು ನಿಮಗೆ ಕೊಡ್ತಿದ್ರು, ನಾ? ನಾನು ಮಾಡಿದ್ದು.”

ಅವಳು ಬಟ್ಟಲನ್ನು ಅವರ ಮುಂದೆ ನೆಲದ ಮೇಲಿಟ್ಟಳು. ಕೈ ನಡುಗುತ್ತಿತ್ತು. ಅಳುವವರ ಕೈಯೂ ನಡುಗುತ್ತದೆ.

ಪಾಯಸದಿಂದ ಏಲಕ್ಕಿಯ ಪರಿಮಳ ಬರುತ್ತಿತ್ತು. ಮಾಸ್ತರು ಜೇಬಿನಿಂದ ಚೀಟಿ ತೆಗೆದು, ಬಿಚ್ಚಿ, ಬಟ್ಟಲಿನ ಪಕ್ಕದಲ್ಲಿಟ್ಟರು. ಪ್ರಫುಲ್ಲಾ ಅದನ್ನು ನೋಡಿದಳು. ಓದಲು ಬಾರದ ಕಣ್ಣು ಮತ್ತೆ ಎಲೆಗೆ ಮರಳಿತು. ಲಾವಣ್ಯಾ ನೋಡಿದಳು. ಅವಳ ಕಣ್ಣು ಅಲ್ಲಿಂದ ಏಳಲಿಲ್ಲ.

“ಮಗಳಾ,” ಎಂದರು ಮಾಸ್ತರು, “ನಿಮ್ಮ ಅಪ್ಪನ ಅಡುಗಿಮನ್ಯಾಗ ಒಂದು ಪದ್ಧತಿ ಇತ್ತು. ನಿನಗ ಗೊತ್ತದ ಏನು?”

ಅವಳು ತಲೆಯಾಡಿಸಿದಳು. ಗೊತ್ತಿಲ್ಲ.

“ಯಾರ ಸಲುವಾಗಿ ಇಟ್ಟದ್ದೇ ಇರಲಿ, ಮೊದಲನೇ ತುತ್ತು ಅವನು ತಿಂತಿದ್ದ. ತಾನು ತಿನ್ನದ್ದನ್ನ ಯಾರಿಗೂ ಕೊಡತಿರಲಿಲ್ಲ. ನನಗೂ.”

ಲಾವಣ್ಯಾಳ ಮುಖದ ರಕ್ತವೆಲ್ಲ ಇಳಿದುಹೋಯಿತು.

“ಪಹ್ಲೇ ಖುದ್… ಪಾಪಾ ಖುದ್ ಖಾತೇ ಥೇ?”

“ಹೌದವ್ವಾ. ಮೊದಲು ತಾನೇ ತಿಂತಿದ್ದ.”

“ಯಾವಾಗಲೂ?”

“ಯಾವಾಗಲೂ.”

“ನನಗೆ ಯಾಕೆ ಹೇಳಲಿಲ್ಲ?” ಎಂದಳು. ಅದನ್ನು ಅವಳು ಮಾಸ್ತರನ್ನು ಕೇಳಲಿಲ್ಲ. ಗೋಡೆಯ ಮೇಲಿನ ಪಟವನ್ನು ಕೇಳಿದಳು.

“ಎಂತ ಮಾತಾಡ್ತಿದ್ದೀರಿ ನೀವಿಬ್ಬರು?” ಎಂದು ಪ್ರಫುಲ್ಲಾ ತಲೆ ಎತ್ತಿದಳು. “ದೀಪದ ಹೊತ್ತಾಯ್ತು. ಮಾಸ್ಟ್ರೇ, ನೀವು ಹಿರಿಯರು, ಇವರ ಹೆಸರಲ್ಲಿ ಕೈ ಮುಗಿಯುವ. ಮತ್ತೆ ಪಾಯಸ ಕುಡಿಯಿರಿ.”

ಅವಳು ದೀಪದ ಬತ್ತಿ ಸರಿಸಿ, ಪಟದ ಕಡೆ ತಿರುಗಿ, ಕಣ್ಣು ಮುಚ್ಚಿದಳು.

ಲಾವಣ್ಯಾ ಮೆಲ್ಲಗೆ ಮಾಸ್ತರ ಎದುರು ಮಂಡಿಯೂರಿದಳು. ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಒಂದು ಚಮಚ ತುಂಬಿಸಿ ಬಾಯಿಯತ್ತ ಎತ್ತಿದಳು. ಈಗ ಅವಳ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಅದು ಏನೂ ತಪ್ಪು ಮಾಡದವಳ ಧೈರ್ಯವೋ, ಇನ್ನು ಯಾವುದಕ್ಕೂ ಹೆದರಬೇಕಾಗಿಲ್ಲದವಳ ಧೈರ್ಯವೋ ಮಾಸ್ತರಿಗೆ ತಿಳಿಯಲಿಲ್ಲ. ಚಮಚ ಅವಳ ತುಟಿಗೆ ತಾಗಿತು. ಅದನ್ನು ತಡೆಯಲು ಮಾಸ್ತರ ಮುದಿ ಕೈ ಮುಂದಕ್ಕೆ ಚಾಚಿತು.

ದೀಪದ ಮುಂದೆ ಪ್ರಫುಲ್ಲಾಳ ದನಿ ಏಳುತ್ತಿತ್ತು.

“ದೇವರೇ, ಊರು ಬಿಟ್ಟು ಬಂದು ಪರವೂರಲ್ಲಿ ಸಾವಿರ ಬಾಯಿಗೆ ಉಣಿಸಿದ ಜೀವ ಅದು. ಹಸಿದು ಹೋಗದಿರಲಿ. ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳದೆ ಹೋಗಲಿ. ನಮ್ಮಿಂದ ಏನು ತಪ್ಪಾಗಿದ್ದರೂ ನಮ್ಮ ತಲೆಯ ಮೇಲಿರಲಿ. ಅವರ ಆತ್ಮಕ್ಕೆ ಶಾಂತಿ ಕೊಡಪ್ಪಾ.”